ಜರಡಿ ತಡೆದ ಬೈಗುಳ

‘ಲೇ ಕೋತಿ ತಿನ್ನೋನೆ, ಶುಕ್ರವಾರ ಬರ್ತಿದೀನಿ. ನಿನ್ನ ಹೆಂಡತಿಗೆ ಹೇಳು, ಒಳ್ಳೊಳ್ಳೆ ಪಾತ್ರೆ ಎಲ್ಲ ತೊಳೆದಿಟ್ಟಿರ್ಲಿ, ಹೊತ್ಕೊಂಡು ಹೋಗೋಕೆ ನನಗೆ ಅನುಕೂಲ. ನಿನ್ನನ್ನ ಮಾತ್ರ ಅಲ್ಲೇ ಬಿಟ್ಟುಹೋಗ್ತೀನಿ. ನಿನ್ನಂಥ ಗುಲಾಮನಿಗೆ ಹಾಕೋ ಮುದ್ದೆ ದಂಡ. ಅಂದ ಹಾಗೆ, ಸೂರ್ಯಕಾಂತಿ ಬೀಜದ ಲಾರಿ ಹೊರಟಿತು.’

ಜಾಂಬಿಯಾದ ಒಂದು ಬೀಜದ ಕಂಪನಿಯ ಚಿಪಾಟಾ ಶಾಖೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಜೆರೆ, ಎನ್‌ಡೋಲಾದ ಮುಖ್ಯ ಕಚೇರಿಯಲ್ಲಿ ಲೆಕ್ಕ ನೋಡುವ ಲೊಂಬೆಗೆ ಕಳಿಸುತ್ತಿದ್ದ ಮೇಲ್‌ಗಳು ಹೀಗಿರುತ್ತಿದ್ದವು. ಲೊಂಬೆ ಅವನ್ನು ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ, ಆಮೇಲೆ ಚಹದ ಹೆಂಗಸನ್ನು ಕರೆದು ಅವಳಿಗಾಗಿ ಇನ್ನೊಮ್ಮೆ ಓದುತ್ತಿದ್ದ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬಳಿಕ ಅಂಗಿಯ ತೋಳು ಮಡಚಿ, ಎರಡು ಬೆರಳಿನಲ್ಲಿ ಉತ್ತರ ಕುಟ್ಟುತ್ತಿದ್ದ.

‘ಇಲಿ ತಿನ್ನೋನೆ, ಲಾರಿ ಬಂತು. ಚೀಲ ಎಣಿಸೋ ಮುಂಚೆ ಬಾಲ ಎಣಿಸ್ದೆ. ಒಂದೂ ಇಲ್ಲ. ನಿಮ್ಮ ಡ್ರೈವರ್ ದಾರೀಲೇ ಸುಟ್ಟು ತಿಂದಿರ್ಬೇಕು.’

ಲೊಂಬೆ ಬೆಂಬಾ ಜನ, ಜೆರೆ ಎನ್‌ಗೋನಿ. ಇವರ ತಾತಂದಿರ ತಾತಂದಿರು ಈಟಿ ಹಿಡಿದು ಬಡಿದಾಡಿ, ಯಾರೂ ಪೂರ್ತಿ ಗೆಲ್ಲದೆ, ಕೊನೆಗೆ ಸುಸ್ತಾಗಿ ಎದುರುಬದುರು ಕೂತು ನಗಲು ಶುರುಮಾಡಿದರಂತೆ. ಆ ನಗು ಇನ್ನೂ ನಿಂತಿಲ್ಲ. ಬೆಂಬಾನಿಗೆ ಎನ್‌ಗೋನಿಯನ್ನೂ ಎನ್‌ಗೋನಿಗೆ ಬೆಂಬಾನನ್ನೂ ಬೈಯುವುದು ಹಕ್ಕು. ಬೈಸಿಕೊಂಡು ಮುಖ ಊದಿಸಿಕೊಳ್ಳುವುದು ಹೇಡಿತನ. ಭಾವ ಮೈದುನರ ಸಲಿಗೆ ಇರುತ್ತದಲ್ಲ, ಅದು ಇಲ್ಲಿ ಎರಡು ಇಡೀ ಕುಲಗಳ ನಡುವೆ ಇದೆ, ಅಷ್ಟೆ.

ಕಂಪ್ಯೂಟರ್ ನೋಡಿಕೊಳ್ಳುವ ಚಿಲುಫ್ಯಾಳೂ ಹುಟ್ಟಿನಿಂದ ಬೆಂಬಾ. ಆದರೆ ಅವಳು ಬೆಳೆದದ್ದು ಗಣಿಯವರ ವಸತಿಯಲ್ಲಿ, ಮಾತಿಲ್ಲದ ಮನೆಯಲ್ಲಿ. ಅಪ್ಪ ನೆಲದಡಿಯಿಂದ ಮೇಲೆ ಬಂದವನು ಕೈಕಾಲು ತೊಳೆದು, ಉಂಡು, ಗೋಡೆ ನೋಡುತ್ತ ಕೂರುತ್ತಿದ್ದ. ಅವನ ಪಕ್ಕದಲ್ಲಿ ಕೂತು ತಾನೂ ಗೋಡೆ ನೋಡುವುದು ಅವಳಿಗೆ ಬಲು ಇಷ್ಟವಾಗಿತ್ತು. ಅದಕ್ಕಿಂತ ಹತ್ತಿರವಾಗಿ ಇಬ್ಬರು ಇರಬಹುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವಳಾದ ಮೇಲೆ ಅವಳು ಕಂಪ್ಯೂಟರನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ: ಅದಕ್ಕೆ ಕೆಲಸ ಹೇಳಬೇಕಾದರೆ ಬಾಯಿ ಬೇಕಿಲ್ಲ.

ಬೀಜದ ಕಂಪನಿಯ ಹಳೆಯ ಮೇಲ್ ವ್ಯವಸ್ಥೆ ಮಾತ್ರ ತೂತುಬಿದ್ದ ಚೀಲವಾಗಿತ್ತು. ಯಾರು ಬೇಕಾದರೂ ಒಳಗೆ ಬರುತ್ತಿದ್ದರು. ದಿನ ಬೆಳಗಾದರೆ ಲಾಟರಿ ಗೆದ್ದ ಸುದ್ದಿ, ಯಾವನೋ ಸತ್ತ ಸೇನಾಪತಿಯ ವಿಧವೆ ಬಿಟ್ಟುಹೋಗುವ ಆಸ್ತಿ, ಬೊಕ್ಕತಲೆಗೆ ಎಣ್ಣೆ. ಒಂದು ದಿನ ನಿರ್ದೇಶಕಿ ಹಮೂಂಗ ಮೇಡಂ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

‘ಚಿಲುಫ್ಯಾ, ನಮ್ಮ ಹತ್ರ ಮೆಕ್ಕೆಜೋಳದ ಬೀಜ ಕೊಳ್ಳೋ ಪಾದ್ರಿಗಳಿಗೆ ನನ್ನ ಹೆಸರಲ್ಲಿ ಗಂಡಸುತನದ ಗುಳಿಗೆ ಮಾರೋ ಮೇಲ್ ಹೋಗಿದೆ.’

‘ವೈರಸ್ಸು, ಮೇಡಂ.’

‘ಅವರು ಬೆಲೆ ಎಷ್ಟು ಅಂತ ವಾಪಸು ಬರೆದಿದಾರೆ. ಅದು ವೈರಸ್ಸಲ್ಲ ತಾನೇ?’ ಮೇಡಂ ಹಣೆ ಒತ್ತಿಕೊಂಡರು. ‘ಎಲ್ಲ ಹೊಸದು ಹಾಕು. ಗೋಡೆ, ಬೀಗ, ಜರಡಿ, ಏನೇನಿದೆಯೋ ಎಲ್ಲ. ಇನ್ಮೇಲೆ ಜೊಳ್ಳು ಒಂದು ಕಾಳೂ ಒಳಗೆ ಬರಬಾರದು.’

ಹೊಸದು ಬಂತು. ಲುಸಾಕಾದವರು ಕಳಿಸಿದ ಸರ್ವರ್ ಕಪ್ಪಗೆ, ಮಿರಮಿರನೆ, ಹಸನಾದ ಶವಪೆಟ್ಟಿಗೆಯ ಹಾಗಿತ್ತು. ಮೊದಲು ಎಲ್ಲರೂ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬೇಕಾಯಿತು. ಅಕ್ಷರದ ಜೊತೆ ಒಂದು ಅಂಕಿ ಇರಬೇಕು, ಒಂದು ಚಿಹ್ನೆ ಇರಬೇಕು, ಉದ್ದ ಇರಬೇಕು.

‘ಅಷ್ಟುದ್ದದ್ದು ನೆನಪಿರೋದು ಹೇಗಮ್ಮಾ?’ ಎಂದ ಲೊಂಬೆ.

‘ನಿಮಗೆ ಮರೆಯೋಕೇ ಆಗದ ಮಾತು ಯಾವುದಾದ್ರೂ ಇಟ್ಕೊಳ್ಳಿ, ಬಾ ಲೊಂಬೆ. ಆದ್ರೆ ಯಾರಿಗೂ ಗೊತ್ತಾಗ್ಬಾರ್ದು.’

ಹಿರಿಯರ ಹೆಸರಿನ ಮೊದಲು ಗೌರವದ ‘ಬಾ’ ಸೇರಿಸದೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಲೊಂಬೆ ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು, ಒಂದೊಂದು ಅಕ್ಷರಕ್ಕೂ ಬಾಯಿ ಬಿಡುತ್ತ ಕುಟ್ಟಿದ: ‘ಜೆ... ರೆ... ಇಲಿ... ತಿನ್ನೋನು... ಒಂದು... ಆಶ್ಚರ್ಯಚಿಹ್ನೆ!’

ಹೊರಗಿನ ಪಡಸಾಲೆಯಿಂದ ಚಹದ ಹೆಂಗಸು ಚಪ್ಪಾಳೆ ತಟ್ಟಿದಳು.

‘ಬಾ ಲೊಂಬೆ, ಇದು ಗುಟ್ಟಾಗಿರ್ಬೇಕು.’

‘ಅವನು ಇಲಿ ತಿನ್ನೋದು ಗುಟ್ಟೇನಮ್ಮಾ? ಇಡೀ ಜಾಂಬಿಯಾಕ್ಕೆ ಗೊತ್ತು!’

ಚಿಪಾಟಾದಿಂದ ಜೆರೆಯ ಮೇಲ್ ಬಂತು: ‘ನನ್ನ ಪಾಸ್‌ವರ್ಡ್‌ನಲ್ಲಿ ಒಂದು ಮುದಿ ಕೋತಿ ಇದೆ, ಲೆಕ್ಕ ಬರೆಯತ್ತೆ. ಇದಕ್ಕಿಂತ ಹೆಚ್ಚು ಹೇಳಿದ್ರೆ ಭದ್ರತೆಗೆ ಧಕ್ಕೆ.’

ಇನ್ನು ಜರಡಿಗೆ ಪಾಠ ಹೇಳುವುದು ಉಳಿದಿತ್ತು. ಲುಸಾಕಾದವನು ಫೋನಿನಲ್ಲಿ ವಿವರಿಸಿದ. ಯಂತ್ರಕ್ಕೆ ತಾನಾಗಿ ಏನೂ ಗೊತ್ತಿಲ್ಲ. ಕಸ ಒಂದು ರಾಶಿ, ಬೆದರಿಕೆ ಬೈಗುಳ ಒಂದು ರಾಶಿ, ಒಳ್ಳೆಯದು ಒಂದು ರಾಶಿ ಮಾಡಿ ಹಳೆಯ ಮೇಲ್‌ಗಳನ್ನು ತೋರಿಸಬೇಕು, ಅದು ನೋಡಿ ಕಲಿಯುತ್ತದೆ. ಕಸಕ್ಕೆ ಬರವಿರಲಿಲ್ಲ. ಒಳ್ಳೆಯದರ ರಾಶಿಗೆ ಬಿಲ್ಲುಗಳು, ಸುತ್ತೋಲೆಗಳು, ‘ಮಾನ್ಯರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುವವೆಲ್ಲ ಬಿದ್ದವು. ಬೆದರಿಕೆಯ ರಾಶಿ ಮಾತ್ರ ಖಾಲಿ. ಬೀಜ ಮಾರುವವರನ್ನು ಯಾರು ಬೆದರಿಸುತ್ತಾರೆ? ‘ಮಾದರಿ ಸಾಲದು’ ಎಂದು ಯಂತ್ರ ಕೆಂಪಗೆ ಮಿನುಗುತ್ತ ಕೂತಿತು.

ಅಷ್ಟರಲ್ಲಿ ಆಚೆ ಕೋಣೆಯಲ್ಲಿ ಲೊಂಬೆ ಆ ದಿನದ ಮೇಲನ್ನು ಮೂರನೆಯ ಸಲ ಓದಿ, ಮೇಜು ಗುದ್ದಿ ನಕ್ಕ. ಚಿಲುಫ್ಯಾಳ ತಲೆ ಸಿಡಿಯುತ್ತಿತ್ತು. ಹೆಂಡತಿಯ ಪಾತ್ರೆ ಹೊತ್ತೊಯ್ಯುವೆ, ಹಿಡಿದು ಕಟ್ಟುವೆ, ನಿನ್ನಜ್ಜನನ್ನು ಓಡಿಸಿದಂತೆ ಓಡಿಸುವೆ. ಬೆದರಿಕೆಯಲ್ಲದೆ ಇನ್ನೇನಿದು? ಆಟವೆಂದು ಅವಳಿಗೆ ಗೊತ್ತಿತ್ತು. ಆದರೆ ಯಂತ್ರಕ್ಕೆ ಮಾದರಿ ಬೇಕಿತ್ತು, ಅವಳಿಗೆ ಸ್ವಲ್ಪ ಮೌನ ಬೇಕಿತ್ತು. ಇಬ್ಬರ ಹಳೆಯ ಬೈಗುಳವನ್ನೆಲ್ಲ ಬಾಚಿ ಕೆಟ್ಟದ್ದರ ರಾಶಿಗೆ ಸುರಿದಳು. ಯಂತ್ರ ಹಸಿರಾಗಿ, ಕೊನೆಯ ಪ್ರಶ್ನೆ ಕೇಳಿತು: ತಡೆದ ಮೇಲ್‌ಗಳ ವಿಷಯ ಕಳಿಸಿದವರಿಗೆ ತಿಳಿಸಬೇಕೇ? ಅವಳು ‘ಬೇಡ’ ಒತ್ತಿದಳು. ಸದ್ದು ಕಡಿಮೆಯಾದಷ್ಟೂ ಒಳ್ಳೆಯದು.

ಮೊದಲ ವಾರ ಅವಳಿಗೆ ಹಬ್ಬ. ಲಾಟರಿ ಹೋಯಿತು, ವಿಧವೆ ಹೋದಳು, ಗುಳಿಗೆ ಹೋಯಿತು. ಮೇಡಂ ದಿನಕ್ಕೊಮ್ಮೆ ಬಂದು ಪರದೆಯ ಮೇಲಿನ ಹಸಿರು ಗೆರೆ ನೋಡಿ, ಹಸು ಹಾಲು ಕೊಟ್ಟಷ್ಟು ಸಂತೋಷಪಟ್ಟು ಹೋಗುತ್ತಿದ್ದರು. ಕಚೇರಿ ಎಷ್ಟು ತಣ್ಣಗಾಯಿತೆಂದರೆ, ಬೀದಿಯಲ್ಲಿ ಕಡಲೆಕಾಯಿ ಮಾರುವವಳು ಚಿಲ್ಲರೆಗೆ ಜಗಳವಾಡುವುದು ಒಳಗೆ ಕೇಳುತ್ತಿತ್ತು. ಚಿಲುಫ್ಯಾ ಮೇಜಿನ ಮುಂದೆ ಕೂತು, ಗೋಡೆ ನೋಡುತ್ತ, ಒಬ್ಬಳೇ ಮುಗುಳ್ನಗುತ್ತಿದ್ದಳು.

‘ಚಿಪಾಟಾದಲ್ಲಿ ಕರೆಂಟ್ ಇಲ್ವೇನಮ್ಮಾ?’ ಒಂದು ಮಧ್ಯಾಹ್ನ ಲೊಂಬೆ ಬಾಗಿಲಲ್ಲಿ ತಲೆ ಹಾಕಿದ.

‘ಇದೆಯಲ್ಲ. ನಿನ್ನೆ ದಾಸ್ತಾನಿನ ಪಟ್ಟಿ ಬಂತಲ್ಲ, ಬಾ ಲೊಂಬೆ.’

‘ಬಂತು. ಪಟ್ಟಿ ಬಂತು.’ ಹೊರಟವನು ಮತ್ತೆ ತಿರುಗಿದ. ‘ಪಟ್ಟಿ ಮಾತ್ರ ಬಂತು.’

ಅವಳಿಗೆ ಅರ್ಥವಾಗಲಿಲ್ಲವೆಂದರೆ ಸುಳ್ಳು. ಅರ್ಥಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ಎರಡು ಕಚೇರಿಗಳ ನಡುವಣ ಮೇಲ್‌ಗಳು ಒಂದಕ್ಕಿಂತ ಒಂದು ಚಂದವಾಗತೊಡಗಿದವು. ಮೇಡಂ ಅದರಲ್ಲೊಂದನ್ನು ಮುದ್ರಿಸಿ, ‘ಎಲ್ಲರೂ ಹೀಗೆ ಬರೆಯಲು ಕಲಿಯಿರಿ’ ಎಂದು ಬರೆದು ಸೂಚನಾಫಲಕಕ್ಕೆ ಚುಚ್ಚಿದರು. ಬೀಜದ ಲಾರಿ ಮಾತ್ರ ಹೊರಡುವುದು ತಡವಾಗುತ್ತಿತ್ತು. ಮೊದಲು ಒಂದು ಬೈಗುಳದ ತುದಿಯಲ್ಲಿ ಹೊರಟುಬಿಡುತ್ತಿದ್ದ ಲಾರಿಗೆ ಈಗ ಮನವಿ ಬೇಕು, ಅನುಮತಿ ಬೇಕು, ಅನುಮತಿ ತಲುಪಿದ್ದಕ್ಕೆ ಕೃತಜ್ಞತೆ ಬೇಕು.

ಒಂದು ಬೆಳಿಗ್ಗೆ ಲೊಂಬೆ ಅವಳ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

‘ಮಗಳೇ, ನನ್ನ ಪಾಸ್‌ವರ್ಡ್ ಬದಲಾಯಿಸಿ ಕೊಡು.’

‘ಯಾಕೆ, ಯಾರಾದ್ರೂ ಕದ್ದರಾ?’

‘ಯಾರೂ ಕದ್ದಿಲ್ಲ. ಬೆಳಿಗ್ಗೆ ಬಂದ ತಕ್ಷಣ ಅವನ ಹೆಸರು ಒತ್ತೋಕೆ ಬೆರಳು ಬರ್ತಿಲ್ಲ.’

‘ಏನಿಡ್ಲಿ?’

‘ಏನಾದ್ರೂ ಇಡು. ಬರೀ ಅಂಕಿ ಇಡು.’

ಅವಳು ಕೀಲಿಮಣೆಯ ಮೇಲಿಟ್ಟ ಕೈಯನ್ನು ಹಾಗೇ ತಡೆದಳು. ‘ಏನಾಯ್ತು, ಬಾ ಲೊಂಬೆ?’

‘ಏನಾಯ್ತು ಅಂತ ನನಗೆ ಗೊತ್ತಿದ್ರೆ ತಾನೆ! ನಾಲ್ಕಾರು ಸಲ ಬೈದು ನೋಡ್ದೆ, ಉಸಿರಿಲ್ಲ. ಅವನ ಅಜ್ಜನ್ನ ಬೈದೆ. ಅಜ್ಜನ್ನ ಬೈದ್ರೆ ಎನ್‌ಗೋನಿ ಸತ್ತಿದ್ರೂ ಎದ್ದು ಕೂರ್ತಾನೆ. ಉಸಿರಿಲ್ಲ. ಕೊನೆಗೆ, ಮೈಗೆ ಹುಷಾರಿಲ್ವೇನೋ ಅಂತ, ತಾವು ಕ್ಷೇಮವೇ ಅಂತ ಒಂದು ಸಾಲು ಬರೆದೆ. ಅದಕ್ಕೆ ನೋಡು ಏನು ಕಳಿಸಿದಾನೆ.’ ಲೊಂಬೆ ಮುದ್ರಿಸಿ ತಂದಿದ್ದ ಹಾಳೆ ಬಿಚ್ಚಿದ. ‘“ಮಾನ್ಯ ಲೊಂಬೆಯವರೇ, ತಮ್ಮ ಕಾಳಜಿಗೆ ಹೃತ್ಪೂರ್ವಕ ಕೃತಜ್ಞತೆಗಳು.” ಕೃತಜ್ಞತೆ! ನನಗೆ! ಇಷ್ಟು ವರ್ಷ ಗುಲಾಮ ಅಂದ ಬಾಯಲ್ಲಿ ಹೃತ್ಪೂರ್ವಕ!’

‘ಮರ್ಯಾದೆಯಾಗೇ ಬರೆದಿದಾರಲ್ಲ?’

‘ಅದೇ ಅಲ್ವೇನೇ ಹುಡುಗಿ! ಬೈಯೋ ಭಾವ ಬೈಯೋದು ಬಿಟ್ಟು ಮರ್ಯಾದೆ ಕೊಡೋಕೆ ಶುರುಮಾಡಿದ ಅಂದ್ರೆ ಎದೇಲಿ ಏನೋ ಇಟ್ಕೊಂಡಿದಾನೆ. ನಾನೂ ಬಿಡ್ಲಿಲ್ಲ. ಮಾನ್ಯ ಮಹೋದಯರೇ ಅಂತ ಬರೆದೆ. ಅವನು ಪೂಜ್ಯರೇ ಅಂದ. ನಾನು ಪರಮಪೂಜ್ಯರೇ ಅಂದೆ. ನಿನ್ನೆ ನನಗೆ ದೀರ್ಘಾಯುಷ್ಯ ಹಾರೈಸಿದಾನೆ, ಅಯೋಗ್ಯ.’ ಅವನು ಹಾಳೆ ಮಡಚಿ ಜೇಬಿಗಿಟ್ಟ. ‘ಇನ್ನು ಇದಕ್ಕಿಂತ ಮೇಲೆ ಹೋಗೋಕೆ ನನಗೆ ಮಾತು ಗೊತ್ತಿಲ್ಲ.’

ಪಾಸ್‌ವರ್ಡ್ ಬದಲಾಯಿಸಿ ಕಳಿಸಿದ ಮೇಲೆ ಚಿಲುಫ್ಯಾ ಬಹಳ ಹೊತ್ತು ಪರದೆ ನೋಡುತ್ತ ಕೂತಳು. ಜರಡಿ ತಡೆದ ಮೇಲ್‌ಗಳೆಲ್ಲ ಒಂದು ಕಡೆ ಬಿದ್ದಿರುತ್ತವೆ. ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತವೆ. ಇಷ್ಟು ದಿನ ಅವಳು ಎಷ್ಟು ತಡೆಯಿತೆಂದು ನೋಡಿದ್ದಳೇ ಹೊರತು ಏನನ್ನು ಎಂದು ನೋಡಿರಲಿಲ್ಲ. ಊಟವಾದ ಮೇಲೆ ತೆರೆಯೋಣವೆಂದುಕೊಂಡಳು. ಊಟವಾಗುವಷ್ಟರಲ್ಲಿ ಲೊಂಬೆಯ ಮನೆಯಿಂದ ಫೋನ್ ಬಂತು. ಅವನ ತಾಯಿ ತೀರಿಕೊಂಡಿದ್ದಳು.

ತೊಂಬತ್ತು ದಾಟಿದ ಮುದುಕಿ. ಬೆಳಿಗ್ಗೆ ಗಂಜಿ ಕುಡಿದು, ಎಂದಿನಂತೆ ಗಂಜಿ ನೀರಾಗಿದೆಯೆಂದು ಸೊಸೆಯನ್ನು ಬೈದು, ಬಿಸಿಲಿಗೆ ಚಾಪೆ ಹಾಕಿಸಿಕೊಂಡು ಮಲಗಿದವಳು ಏಳಲಿಲ್ಲ. ಮರುದಿನ ಮಧ್ಯಾಹ್ನ ಚಿಲುಫ್ಯಾ ಸಾವಿನ ಮನೆಗೆ ಹೋದಳು. ಚಿಪಾಟಾದಿಂದ ಜೆರೆ ಕಚೇರಿಗೆ ಕಳಿಸಿದ್ದ ಸಂತಾಪದ ಮೇಲನ್ನು ಮುದ್ರಿಸಿ ಕೈಯಲ್ಲಿ ಹಿಡಿದಿದ್ದಳು. ಒಳಗೆ ಹೆಂಗಸರು ನೆಲದ ಮೇಲೆ ಒತ್ತೊತ್ತಾಗಿ ಕೂತಿದ್ದರು. ಹೊರಗೆ ಮಾವಿನ ಮರದಡಿ ಗಂಡಸರು. ಸಾವಿನ ಮನೆಯಲ್ಲಿ ಇರಬೇಕಾದ ಎಲ್ಲವೂ ಇತ್ತು, ಗದ್ದಲವೊಂದು ಬಿಟ್ಟು.

ಲೊಂಬೆ ಹಾಳೆ ಓದಿದ. ಮಡಚಿದ. ಮತ್ತೆ ಮಡಚಿದ.

‘ಹೂವಿನ ಹಾರ ಕಳಿಸ್ತಾನಂತೆ,’ ಎಂದ.

‘ಯಾರು, ನಮ್ಮ ಇಲಿಯಪ್ಪನಾ?’ ಪಕ್ಕದ ಮುದುಕ ಕತ್ತು ಚಾಚಿದ. ‘ಹಾರ ಯಾಕೆ? ಅವನೇ ಬರಲ್ವಾ? ಮತ್ತೆ ಗುಂಡಿ ತೋಡೋರ್ಯಾರು? ಮುದುಕಿ ಅವನಿಗೇ ಹೇಳಿಟ್ಟಿದ್ಲಲ್ಲೋ, ನನ್ನ ಗುಂಡಿ ನೀನೇ ತೋಡ್ಬೇಕು ಇಲಿಮರಿ, ಅಗಲವಾಗಿ ತೋಡು ಅಂತ!’

‘ನಮ್ಮ ಹುಡುಗ್ರು ತೋಡ್ತಾರೆ ಬಿಡಿ.’

‘ತೋಡ್ತಾರೆ, ತೋಡ್ತಾರೆ. ನಮ್ಮನ್ನ ನಗಿಸೋರ್ಯಾರು?’

ಬೆಂಬಾ ಮನೆಯಲ್ಲಿ ಸಾವಾದರೆ ಎನ್‌ಗೋನಿಗಳು ಬರಬೇಕು. ಗುದ್ದಲಿ ಅವರದ್ದು. ಅಳುವವರ ಅಳುವನ್ನು ಅಣಕಿಸಿ, ಗಂಜಿಯ ಪಾತ್ರೆ ಕಸಿದುಕೊಂಡು ಓಡಿ, ಸತ್ತವರ ಹಾಗೆ ನಡೆದು ತೋರಿಸಿ, ಮನೆಯವರ ಎದೆಯಲ್ಲಿ ಗಟ್ಟಿಯಾದದ್ದನ್ನು ಒಡೆದು ಹಾಕುವುದೂ ಅವರದ್ದೇ. ಅವರು ಬಾರದ ಸಾವು ಹೀಗಿರುತ್ತದೆ. ಮರದಡಿ ಕೂತ ಗಂಡಸರು ನೆಲ ನೋಡುತ್ತಿದ್ದರು. ಚಿಲುಫ್ಯಾಳಿಗೆ ಮೌನವೆಂದರೆ ಗೊತ್ತು ಎಂದು ಇಷ್ಟು ದಿನ ಅನಿಸಿತ್ತು. ಇದು ಅಪ್ಪನ ಪಕ್ಕದಲ್ಲಿ ಕೂತ ಮೌನವಲ್ಲ. ಇದನ್ನು ಯಂತ್ರದ ಒಳಗೆ ಕೈಹಾಕಿ ಅವಳೇ ಮಾಡಿದ್ದಳು.

ಹೂಳುವುದು ನಾಳೆ ಸಂಜೆ. ಚಿಪಾಟಾದಿಂದ ಎನ್‌ಡೋಲಾಕ್ಕೆ ರಾತ್ರಿಯಿಡೀ ಗಾಡಿ ಓಡಿಸಿದರೆ ತಲುಪಬಹುದು. ಅವಳು ಕಚೇರಿಗೆ ಓಡುತ್ತಲೇ ಹೋದಳು.

ಗುಂಡಿ ಒತ್ತಿದಳು. ಲಾಟರಿ, ವಿಧವೆಯರ ನಡುವೆ ಲೊಂಬೆ, ಜೆರೆ ಇಬ್ಬರೂ ಸಾಲಾಗಿ ಬಿದ್ದಿದ್ದರು.

‘ಲೊಂಬೆ, ಯಾಕೋ ಸದ್ದಿಲ್ಲ? ಕೋತಿ ಮೂಳೆ ಗಂಟಲಿಗೆ ಸಿಕ್ಕಿತಾ?’

‘ಇಲಿಯಪ್ಪಾ, ಮೂರು ದಿನ ಆಯ್ತು ಬೈದು. ಬಾಲ ಸುತ್ಕೊಂಡು ಮಲಗಿದೀಯಾ?’

‘ಗುಲಾಮ, ಒಡೆಯ ಬರೆದಿದಾನೆ, ಎದ್ದು ನಿಂತು ಓದು. ಆಯ್ತು, ಕೂತ್ಕೊಂಡೇ ಓದು. ಓದು ಮಾರಾಯ.’

‘ನಿನ್ನಜ್ಜ ನಮ್ಮಜ್ಜನ್ನ ನೋಡಿ ನದಿಗೆ ಹಾರಿದ್ನಲ್ಲ, ಇನ್ನೂ ಈಜ್ತಾನೇ ಇದಾನಂತೆ, ನಿಜವಾ?’

‘ಭಾವ, ಇಲಿ ತಿನ್ನೋನೆ ಅಂತ ಒಂದೇ ಒಂದ್ಸಲ ಬೈಯೋ. ಹೆಚ್ಚು ಕೇಳ್ತಿಲ್ಲ.’

ಎರಡು ಊರಿನ ಎರಡು ಬಾಯಿಗಳು, ಒಂದು ಇನ್ನೊಂದಕ್ಕೆ ಕೇಳಿಸದೆ, ಇಷ್ಟು ದಿನವೂ ಜಗಳವಾಡಿಕೊಂಡೇ ಇದ್ದವು. ನದಿಯಲ್ಲಿ ಇನ್ನೂ ಈಜುತ್ತಿರುವ ಅಜ್ಜ ಅವಳ ಕಣ್ಣಿಗೆ ಕಟ್ಟಿದ. ಗಂಟಲೊಳಗೆ ಏನೋ ಗುಳುಗುಳು ಎಂದಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದು ಮೂಗಿನಿಂದ ಹೊರಗೆ ಬಂತು. ಅವಳು ಮೇಜಿನ ಮೇಲೆ ಬಿದ್ದು, ಸತ್ತ ಮುದುಕಿಯನ್ನು ನೆನೆದು ನಾಚಿ, ನಾಚಿಕೊಂಡಷ್ಟೂ ಜೋರಾಗಿ ನಕ್ಕಳು. ಕಾವಲಿನವನು ಕಿಟಕಿಯಲ್ಲಿ ಇಣುಕಿ, ‘ಅಕ್ಕಾ, ಡಾಕ್ಟರ್ ಬೇಕಾ?’ ಎಂದ.

ತಡೆದದ್ದನ್ನೆಲ್ಲ ಬಿಟ್ಟುಬಿಟ್ಟಳು. ಆದರೆ ಜೆರೆ ಅದನ್ನು ಯಾವಾಗ ತೆರೆಯುತ್ತಾನೋ. ಫೋನ್ ಎತ್ತಿದಳು. ಅವಳು ತಾನಾಗಿ ಯಾರಿಗೂ ಫೋನ್ ಮಾಡಿದವಳಲ್ಲ.

‘ಚಿಪಾಟಾ ಉಗ್ರಾಣ. ಜೆರೆ ಮಾತಾಡೋದು.’

‘ಬಾ ಜೆರೆ, ನಾನು ಮುಖ್ಯ ಕಚೇರಿಯ ಚಿಲುಫ್ಯಾ. ತಪ್ಪು ನನ್ನದು. ಹೊಸ ಜರಡಿ ಇದೆಯಲ್ಲ, ಅದು ನಿಮ್ಮ ಮೇಲ್‌ಗಳನ್ನ ತಡೀತಿತ್ತು. ಅವರದ್ದನ್ನೂ. ನಾನೇ ಹಾಗೆ ಕಲಿಸಿದ್ದೆ. ಅವರು ಬೈದಿದಾರೆ, ಬಾ ಜೆರೆ, ಎಷ್ಟೋ ಸಲ ಬೈದಿದಾರೆ.’

‘ಹಾಗೇನಮ್ಮ. ಯಂತ್ರದ ದೋಷ.’ ಧ್ವನಿ ಇಸ್ತ್ರಿ ಹಾಕಿದಂತಿತ್ತು. ‘ತಿಳಿಸಿದ್ದಕ್ಕೆ ಬಹಳ ಉಪಕಾರವಾಯಿತು.’

‘ನಿಜವಾಗ್ಲೂ! ಅವರು ಹೇಳಿಸ್ತಿರೋದಲ್ಲ.’

‘ನಾನು ಹಾಗೆ ಎಲ್ಲಿ ಹೇಳಿದೆ? ಲೊಂಬೆಯವರು ದೊಡ್ಡ ಮನುಷ್ಯರು. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಹಾರ ನಾಳೆ ಬಸ್ಸಿನಲ್ಲಿ ತಲುಪುತ್ತದೆ. ಇನ್ನೇನಾದರೂ?’

ಇನ್ನೇನಿದೆ? ಜರಡಿಯ ಪಾಠವನ್ನು ಇನ್ನೊಮ್ಮೆ ವಿವರಿಸಿದರೆ ಇನ್ನೊಂದು ಉಪಕಾರವಾಗುತ್ತದೆ, ಅಷ್ಟೆ. ಈ ಮರ್ಯಾದೆಯ ಗೋಡೆಗೆ ವಿವರಣೆ ತಾಗಿದರೆ ಸುಣ್ಣವೂ ಉದುರುವುದಿಲ್ಲ. ಅದು ಯಾವುದಕ್ಕೆ ಒಡೆಯುತ್ತದೆಂದು ಅವಳಿಗೆ ಹೊಳೆಯಿತು. ಆದರೆ ಅವಳು ಜನ್ಮದಲ್ಲಿ ಬೆಕ್ಕನ್ನೂ ಬೈದವಳಲ್ಲ.

‘ಇಲಿ...’ ಎಂದಳು.

‘ಏನಂದ್ರಿ?’

‘ಇಲಿ ತಿನ್ನೋನೆ!’

ಅವಳು ಕಣ್ಣು ಮುಚ್ಚಿ ಹಾರಿದಳು.

‘ಇಲಿ ತಿಂದು ತಿಂದು ನೀನೂ ಇಲಿ ಹಾಗೇ ಬಿಲದಲ್ಲಿ ಕೂತಿದೀಯ! ಇಲ್ಲಿ ನಿನ್ನ ಒಡತಿ ಸತ್ತು ಮಲಗಿದ್ರೆ ಗುಲಾಮ ಗುದ್ದಲಿ ಹೊತ್ಕೊಂಡು ಬರೋದು ಬಿಟ್ಟು ಹೂವು ಕಳಿಸ್ತೀಯಾ? ನೀನೇನು ಮಂತ್ರೀನಾ? ನಿಮ್ಮ ತಾತ ಈಟಿ ಬಿಸಾಕಿ ಓಡ್ದ, ನೀನು ಗುದ್ದಲಿ ನೋಡೇ ಓಡ್ತಿದೀಯ! ತೋಡೋಕೆ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳು, ನಮ್ಮ ಕಡೆ ಕೋತಿಗಳಿವೆ, ತಿಂದು ಉಳಿದಿದ್ದು, ಕಳಿಸಿ ಕಲಿಸ್ತೀವಿ!’

ಆ ಕಡೆ ಪೆನ್ನು ನೆಲಕ್ಕೆ ಬಿದ್ದ ಸದ್ದಾಯಿತು.

‘ಯಾರಮ್ಮಾ ನೀನು?’ ಜೆರೆ ಮೆಲ್ಲಗೆ ಕೇಳಿದ.

‘ಚಿಲುಫ್ಯಾ. ಕಂಪ್ಯೂಟರ್‌ನೋಳು.’

‘ಕಳೆದ ಸಲ ಬಂದಾಗ ನಾನು ನಮಸ್ಕಾರ ಅಂದ್ರೆ ಗೋಡೆ ನೋಡಿದ್ಲಲ್ಲ, ಆ ಹುಡುಗೀನಾ?’

‘ಹೂಂ.’

‘ಬೆಂಬಾನಾ ನೀನು?’

‘ಹೂಂ!’

‘ಅಯ್ಯಯ್ಯಯ್ಯೋ!’ ಆ ಕೂಗಿಗೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು. ‘ಮೂಕ ಕೋತಿಗೂ ಬಾಯಿ ಬಂತಲ್ಲಪ್ಪೋ! ಕೇಳಿದ್ರೇನ್ರೋ, ಬೆಂಬಾ ಹೆಣ್ಣೊಂದು ಫೋನ್ ಮಾಡಿ ಬೈದ್ಲು! ಚೀಲ ಎಲ್ಲ ಕೆಳಗಿಳಿಸ್ರೋ! ಲಾರಿ ತೆಗೀರಿ! ಗುದ್ದಲಿ ಎಲ್ಲಿ, ನನ್ನ ಹರಕು ಕೋಟು ಎಲ್ಲಿ? ಲೊಂಬೆ ಗುಲಾಮಾ, ಬಂದೇ ಕಣೋ!’

ಫೋನ್ ಇಡುವುದನ್ನೂ ಅವನು ಮರೆತಿದ್ದ. ಚೀಲಗಳು ದೊಪ್ಪೆಂದು ಬೀಳುವುದು, ಯಾರೋ ಶಿಳ್ಳೆ ಹೊಡೆಯುವುದು, ಎಂಜಿನ್ ಕೆಮ್ಮುವುದು ಎಲ್ಲ ಅವಳಿಗೆ ಕೇಳುತ್ತಿತ್ತು. ಇನ್ನೂ ಸ್ವಲ್ಪ ಬೈಯಬಹುದಿತ್ತು ಎನಿಸಿತು.

ಮರುದಿನ ಬೆಳಿಗ್ಗೆ ಅವಳು ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಲಾರಿ ಖಾಲಿ ಬರುತ್ತಿದೆಯೆಂದೂ, ಜರಡಿಗೆ ಹೊಸದಾಗಿ ಪಾಠ ಹೇಳಬೇಕೆಂದೂ ಹೇಳಿದಳು. ಮೇಡಂ ಟೋಂಗಾ ಜನ; ಟೋಂಗಾ, ಲೋಜಿಗಳ ನಡುವೆಯೂ ಇದೇ ಬೈಗುಳದ ನಂಟು. ಅವರು ಲಾರಿಯ ಮಾತೇ ಎತ್ತಲಿಲ್ಲ.

‘ಒಂದು ನಿಮಿಷ. ಲಿವಿಂಗ್‌ಸ್ಟನ್‌ನಲ್ಲಿ ನನಗೊಬ್ಬ ಲೋಜಿ ಭಾವ ಇದಾನೆ. ತಿಂಗಳಿಗೊಂದ್ಸಲ ದನಗಳ್ಳಿ ಅಂತ ಬರೀತಿದ್ದ. ಈ ತಿಂಗಳು ಬಂದಿಲ್ಲ. ಅವನೂ ಅಲ್ಲೇ ಬಿದ್ದಿದಾನಾ?’

‘ಬಿದ್ದಿದಾರೆ, ಮೇಡಂ.’

‘ಮೊದಲು ಅವನನ್ನ ಬಿಡಿಸು!’ ಮೇಡಂ ಎದ್ದೇ ನಿಂತರು. ‘ಥೂ, ನಾನೂ ಅವನಿಗೆ ಕ್ಷೇಮ ಕೇಳಿ ಬರೆದುಬಿಟ್ಟೆ. ಎಷ್ಟು ನೊಂದಿದಾನೋ ಪಾಪ.’

ಆ ಸಂಜೆ ಸ್ಮಶಾನದಲ್ಲಿ ಜನ ಸೇರಿದ್ದರು. ಬೆಂಬಾ ಹುಡುಗರು ಗುಂಡಿಯನ್ನು ಮೊಣಕಾಲಿನಷ್ಟು ತೋಡಿ, ಕಲ್ಲು ಸಿಕ್ಕಿ ನಿಂತಿದ್ದರು. ರಸ್ತೆಯಲ್ಲಿ ಹಾರ್ನ್ ಕೇಳಿತು. ಬೀಜದ ಲಾರಿಯ ಹಿಂದೆ ಇಪ್ಪತ್ತು ಜನ ಗುದ್ದಲಿ ಬಡಿಯುತ್ತ, ಕುಣಿಯುತ್ತ ನಿಂತಿದ್ದರು. ಎಲ್ಲರ ಮುಂದೆ, ಹೆಂಗಸರ ಟೋಪಿ ಹಾಕಿಕೊಂಡು, ಹರಕು ಕೋಟಿನ ಮೇಲೆ ಹೂವಿನ ಹಾರವನ್ನು ತಾನೇ ಕೊರಳಿಗೆ ಹಾಕಿಕೊಂಡು ಜೆರೆ. ಅವನು ಕೆಳಗೆ ಧುಮುಕಿ, ಸತ್ತ ಮುದುಕಿ ನಡೆಯುತ್ತಿದ್ದಂತೆಯೇ ಸೊಂಟ ಹಿಡಿದುಕೊಂಡು ಕುಂಟುತ್ತ, ‘ಗಂಜಿ ನೀರಾಗಿದೆ, ಗಂಜಿ ನೀರಾಗಿದೆ’ ಎಂದು ಗೊಣಗುತ್ತ ಬಂದ. ಅಳುತ್ತಿದ್ದ ಸೊಸೆಯ ಬಾಯಿಂದ ಕಿಸಕ್ಕೆಂದು ನಗು ಸಿಡಿಯಿತು.

‘ಇದೇನಿದು? ಗುಂಡೀನೋ, ಕೋಳಿ ಕೆರೆದಿದ್ದೋ?’ ಜೆರೆ ಬೆಂಬಾ ಹುಡುಗರನ್ನು ಪಕ್ಕಕ್ಕೆ ತಳ್ಳಿದ. ಎನ್‌ಗೋನಿಗಳು ಬೈಯುತ್ತ, ಹಾಡುತ್ತ ತೋಡಿದರು. ಮಣ್ಣು ಹಾರಿತು, ಕಲ್ಲು ಕಿತ್ತು ಬಂತು. ತೋಡಿ ಮುಗಿದ ಮೇಲೆ ಎಲ್ಲರೂ ಮೇಲೆ ಹತ್ತಿದರು. ಜೆರೆ ಹತ್ತಲಿಲ್ಲ. ಗುಂಡಿಯಲ್ಲಿ ಅಂಗಾತ ಮಲಗಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ.

‘ಚೆನ್ನಾಗಿದೆ. ತಣ್ಣಗಿದೆ. ನಾನೇ ಇಟ್ಕೋತೀನಿ. ಮುದುಕೀನ ಮನೆಗೆ ವಾಪಸು ಕರ್ಕೊಂಡು ಹೋಗಿ.’

ಎಲ್ಲರೂ ಲೊಂಬೆಯ ಕಡೆ ತಿರುಗಿದರು. ಅವನು ಗುಂಡಿಯ ಅಂಚಿಗೆ ಬಂದು ನಿಂತ. ಕೆಳಗೆ ಜೆರೆ ಟೋಪಿಯ ಸಂದಿಯಿಂದ ಒಂದು ಕಣ್ಣು ತೆರೆದು ಕಾಯುತ್ತಿದ್ದ. ಆ ಕಣ್ಣಿನಲ್ಲಿ ಆಟವಿರಲಿಲ್ಲ.

‘ಮಣ್ಣೆಳೀರೋ ಇವನ ಮೇಲೆ,’ ಎಂದ ಲೊಂಬೆ. ‘ಅಮ್ಮನಿಗೆ ದಾರೀಲಿ ಗಂಟು ಹೊರೋಕೆ ಒಬ್ಬ ಗುಲಾಮ ಬೇಕು. ಹಸಿವಾದ್ರೆ ಭಯವಿಲ್ಲ, ನೆಲದೊಳಗೆ ಇಲಿ ಬೇಕಾದಷ್ಟಿವೆ!’

ನಗು ಮೊದಲು ಎನ್‌ಗೋನಿಗಳಲ್ಲಿ ಎದ್ದಿತು, ಆಮೇಲೆ ಬೆಂಬಾಗಳಲ್ಲಿ, ಆಮೇಲೆ ಯಾರದ್ದೆಂದು ಹೇಳಲಾಗದಂತೆ ಇಡೀ ಸ್ಮಶಾನದಲ್ಲಿ. ಲೊಂಬೆ ಮಂಡಿಯೂರಿ ನಗುತ್ತಿದ್ದ. ನಗುತ್ತಲೇ, ತಾಯಿ ಸತ್ತ ಮೇಲೆ ಮೊದಲ ಸಲ, ಬಾಯಿಬಿಟ್ಟು ಅಳತೊಡಗಿದ. ಗುಂಡಿಯೊಳಗಿಂದ ಜೆರೆಯೂ ಅದೇ ರಾಗದಲ್ಲಿ ಅಣಕಿಸಿ ಅತ್ತ. ಅಣಕು ಎಲ್ಲಿ ಮುಗಿಯಿತೋ, ಅಳು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ.

‘ಆಮೇಲೆ ಏಳ್ತೀನಿ,’ ಎಂದು ಕೆಳಗಿಂದ ಕೂಗಿದ, ಮೂಗು ಒರೆಸಿಕೊಳ್ಳುತ್ತ. ‘ಮೊದಲು ಆ ಫೋನ್ ಹುಡುಗಿ ಎಲ್ಲಿ? ಅವಳು ಬಂದು ಕ್ಷಮೆ ಕೇಳ್ಲಿ. ಮರ್ಯಾದೆಯಿಂದ ಕೇಳ್ಲಿ!’

ಹೆಂಗಸರು ಚಿಲುಫ್ಯಾಳನ್ನು ಮುಂದೆ ನೂಕಿದರು. ನೂರು ಕಣ್ಣುಗಳು ಅವಳ ಮೇಲಿದ್ದವು. ಅವಳು ಅಂಚಿನಲ್ಲಿ ನಿಂತು, ಕೆಳಗೆ ಮಲಗಿದವನನ್ನು ಒಂದು ಕ್ಷಣ ನೋಡಿದಳು. ಬಗ್ಗಿ ಎರಡು ಕೈತುಂಬ ಹಸಿಮಣ್ಣು ಎತ್ತಿಕೊಂಡಳು. ಸರಿಯಾಗಿ ಗುರಿ ನೋಡಿ ಅವನ ಟೋಪಿಯ ಮೇಲೆ ಸುರಿದಳು.